ಅಳ್ಳಿನ ಹಂಚು, ಕಾಡಿನ ಚಾಕು

ವಿಕ್ರೋಳಿ ಸ್ಟೇಷನ್ನಿನ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಶೇಂಗಾ ಹುರಿಯುವವನೊಬ್ಬ ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಕಬ್ಬಿಣದ ಬಾಣಲೆ, ಅದರ ತುಂಬ ಕಪ್ಪಗಾದ ಉಸುಕು, ಉಸುಕಿನಲ್ಲಿ ಶೇಂಗಾ. ಮೊನ್ನೆ ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ ಅವನ ಮುಂದೆ ಹಾದು ಹೋಗುವಾಗ ನನ್ನ ಮೂಗಿಗೆ ಬಡಿದದ್ದು ಶೇಂಗಾದ ವಾಸನೆಯಲ್ಲ. ಅದರ ಅಡಿಯಲ್ಲಿದ್ದ ಇನ್ನೊಂದು ವಾಸನೆ, ಕಾದ ಉಸುಕಿನದು, ಕಾದ ಕಬ್ಬಿಣದ್ದು. ನಿಂತುಬಿಟ್ಟೆ. ಹಿಂದಿನವರು ಗೊಣಗುತ್ತ ಸುತ್ತು ಹಾಕಿ ಹೋದರು. ಈ ಊರಿನಲ್ಲಿ ಸ್ಟೇಷನ್ನಿನ ಬಾಯಲ್ಲಿ ನಿಲ್ಲುವುದು ದೊಡ್ಡ ಅಪರಾಧ. ವಯಸ್ಸಾದವರಿಗೆ ಸ್ವಲ್ಪ ರಿಯಾಯಿತಿ ಇದೆ, ನಾನು ಅದನ್ನು ನಾಚಿಕೆಯಿಲ್ಲದೆ ಬಳಸಿಕೊಳ್ಳುತ್ತೇನೆ.

ಆ ವಾಸನೆ ಅಷ್ಟೊಂದು ಹಿಡಿದು ನಿಲ್ಲಿಸಲು ಕಾರಣವಿತ್ತು. ಹಿಂದಿನ ದಿನವೇ ಮನೆಯಲ್ಲಿ ಒಂದು ಸಣ್ಣ ಜಗಳವಾಗಿತ್ತು. ಮಗ ಅಟ್ಟ ಖಾಲಿ ಮಾಡುತ್ತಿದ್ದ. ನನ್ನ ಹಳೆಯ ಟ್ರಂಕಿನಲ್ಲಿ, ದಿನಚರಿಗಳ ಕೆಳಗೆ, ಗೋಣಿಬಟ್ಟೆಯಲ್ಲಿ ಸುತ್ತಿಟ್ಟ ಚಾಕು ಅವನ ಕೈಗೆ ಸಿಕ್ಕಿತು. ಗೇಣುದ್ದದ ಅಲಗು, ದಪ್ಪ ಬೆನ್ನು, ಹಿತ್ತಾಳೆಯ ಮೊಳೆ ಹೊಡೆದ ಮರದ ಹಿಡಿ.

"ಅಮ್ಮಾ, ಯೇ ಕ್ಯಾ ಹೈ? ಯಾರನ್ನ ಕೊಲ್ಲಲಿಕ್ಕೆ ಇಟ್ಟಿದ್ದಿ?"

"ಕಾಡಿಗೆ ಒಯ್ಯಲಿಕ್ಕೆ ಮಾಡಿದ್ದು. ನಾನೇ ಮಾಡಿದ್ದು."

"ನೀನು? ಚಾಕು?"

"ಹೌದು. ಕಾಲೇಜಿನಲ್ಲಿದ್ದಾಗ."

"ಛೋಡ್ ದೋ ಅಮ್ಮಾ. ಈಗ ನಿನ್ನ ಕೈ ನಡುಗ್ತದೆ. ಶನಿವಾರ ಭಂಗಾರ್‌ವಾಲಾ ಬರ್ತಾನೆ." ಎಂದವನೇ ಅದನ್ನು ಗುಜರಿಯವನಿಗೆಂದು ತುಂಬಿಟ್ಟಿದ್ದ ಹಳೆಯ ನಲ್ಲಿ, ತುಕ್ಕು ಹಿಡಿದ ಸರಪಳಿಗಳ ಚೀಲಕ್ಕೆ ಹಾಕಿದ.

ನಾನು ಜೋರಾಗಿ ಜಗಳವಾಡಬೇಕಿತ್ತು. ಆಡಲಿಲ್ಲ. "ನಾನೇ ಮಾಡಿದ್ದು" ಎಂದ ಮಾತಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತ್ತು. ಅದೇನೆಂದು ಗೊತ್ತಾದದ್ದು ಮರುದಿನ, ಶೇಂಗಾದವನ ಗಾಡಿಯ ಮುಂದೆ.

ಇದು ನಡೆದದ್ದು ಐವತ್ತಾರರಲ್ಲೋ ಐವತ್ತೇಳರಲ್ಲೋ. ದಿನಚರಿಯ ರಟ್ಟಿನ ಮೇಲಿದ್ದ ವರ್ಷವನ್ನು ಗೆದ್ದಲು ತಿಂದಿದೆ, ಒಳಗಿನ ತಾರೀಖುಗಳಷ್ಟೇ ಉಳಿದಿವೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೇ ದಿನಚರಿ ಬರೆಯುವ ಚಟ ಹತ್ತಿದ್ದು. ಆದರೆ ದಿನಚರಿಯನ್ನು ಎಷ್ಟು ನಂಬಬೇಕೆಂಬುದನ್ನು ನೀವು ಮುಂದೆ ನೋಡುತ್ತೀರಿ.

ಆಗ ನಾವು ಆಂಟಾಪ್ ಹಿಲ್ಲಿನ ಬುಡದ ಒಂದು ಚಾಳಿನಲ್ಲಿದ್ದೆವು. ಧಾರವಾಡದ ಕಡೆಯಿಂದ ಬಂದ ಮೂರು ಜನ: ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅವ್ವ, ನಾನು. ನಾನು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಒಂದು ಬುನ್ಸೆನ್ ಬರ್ನರ್ ಹೊತ್ತಿಸಲು ಬಂದ ಮೇಲೆ ಜಗತ್ತಿನ ಬೆಂಕಿಯೆಲ್ಲ ನನಗೆ ಗೊತ್ತು ಎಂದುಕೊಂಡಿದ್ದ ಪೈಕಿ. ಕಾಲೇಜಿನಲ್ಲಿ ಒಂದು ಚಾರಣ ಸಂಘವಿತ್ತು. ದಸರೆಯ ರಜೆಯಲ್ಲಿ ಸಹ್ಯಾದ್ರಿಯ ಕಾಡಿನಲ್ಲಿ ನಾಲ್ಕು ದಿನದ ಕ್ಯಾಂಪು. ಅದಕ್ಕೊಂದು ಪರೀಕ್ಷೆ: ಮಳೆಗಾಲದಲ್ಲಿ ಬೋರಿವಲಿಯಾಚೆಯ ಕಾಡಿಗೆ ಹೋಗಿ, ಸ್ವಂತ ಚಾಕುವಿನಿಂದ ತೊಯ್ದ ಕಟ್ಟಿಗೆ ಸೀಳಿ, ಅದರ ಒಳಗಿನ ಒಣ ತಿರುಳನ್ನು ಹೆರೆದು, ಒಂದು ಗಂಟೆಯೊಳಗೆ ಬೆಂಕಿ ಮಾಡಿ ಒಂದು ಮಗ್ ಚಹಾ ಕುದಿಸಬೇಕು. ನಿಯಮದಲ್ಲಿ ಹುಡುಗಿಯರು ಬರಬಾರದೆಂದು ಎಲ್ಲೂ ಇರಲಿಲ್ಲ. ಬರುತ್ತಾರೆಂದು ಬರೆದವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಸಸ್ಯಶಾಸ್ತ್ರದ ಮೇಡಮ್ಮೊಬ್ಬರು ಕ್ಯಾಂಪಿಗೆ ಹೊರಟಿದ್ದರಿಂದ ಅಪ್ಪನಿಗೆ ನೇರವಾಗಿ ಬೇಡವೆನ್ನಲು ಬರಲಿಲ್ಲ. "ಪರೀಕ್ಷಾ ಪಾಸಾಗು, ಆಮ್ಯಾಲೆ ನೋಡೋಣ" ಅಂದರು. ಪಾಸಾಗುವುದಿಲ್ಲ ಎಂಬ ಧೈರ್ಯ ಅವರಿಗೆ. ಯಾಕೆಂದರೆ ಚಾಕು ಕೊಡಿಸಲು ಅವರು ಒಪ್ಪಿರಲಿಲ್ಲ. ಹುಡುಗರೆಲ್ಲ ಚೋರ್ ಬಜಾರಿನಲ್ಲಿ ಸಿಗುವ ಯುದ್ಧಕಾಲದ ಸೈನಿಕರ ಚಾಕು ತಂದಿದ್ದರು. "ಹುಡುಗಿ ಕೈಯಾಗ ಮಿಲಿಟ್ರಿ ಚಾಕು ನೋಡಿದ್ರ ಚಾಳಿನವರು ಏನಂದಾರು?" ಎಂಬುದು ಅಪ್ಪನ ಪ್ರಶ್ನೆ. ಪ್ರಶ್ನೆಗೆ ಉತ್ತರವಾಗಿ ನಾನೇ ಒಂದು ಚಾಕು ಮಾಡುವುದೆಂದು ತೀರ್ಮಾನಿಸಿದೆ. ಅದು ಧೈರ್ಯವೋ ಹಟವೋ ಈಗ ಬಿಡಿಸಿ ಹೇಳಲಾರೆ. ಆಗ ಅವೆರಡಕ್ಕೂ ನನ್ನಲ್ಲಿ ಒಂದೇ ಹೆಸರಿತ್ತು.

ಧಾರಾವಿಯ ಒಂದು ಓಣಿಯಲ್ಲಿ ವಿಜಾಪುರದ ಕಡೆಯ ಕಲ್ಲಪ್ಪ ಎಂಬ ಕಂಬಾರನ ಕುಲುಮೆಯಿತ್ತು. ಅವ್ವನ ಸಾಣಿಗೆ, ಸೌಟುಗಳನ್ನು ರಿಪೇರಿ ಮಾಡಿಕೊಡುತ್ತಿದ್ದದ್ದು ಅವನೇ. ಕಬ್ಬಿಣ ಉಜ್ಜುವ ಅರ ಹಲ್ಲು ಸವೆದ ಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ, ಆದರೆ ಅದರ ಉಕ್ಕು ಒಳ್ಳೆಯದು. ಅಂಥದೊಂದನ್ನು ಕೊಟ್ಟ. ಅದನ್ನು ಕೆಂಪಗೆ ಕಾಸಿ ಬೂದಿಯಲ್ಲಿ ಹೂತು ಮೆದುಮಾಡಿಕೊಟ್ಟವನೂ ಅವನೇ. ಗರಗಸದಿಂದ ಕೊಯ್ದದ್ದು, ಇನ್ನೊಂದು ಅರದಿಂದ ಉಜ್ಜಿ ಆಕಾರಕ್ಕೆ ತಂದದ್ದು ನಾನು. ಹತ್ತು ದಿನ ಕಾಲೇಜು ಮುಗಿಸಿ ಅವನ ಕುಲುಮೆಯಲ್ಲಿ ಕೂತು ಉಜ್ಜಿದೆ. ಬೆರಳ ಸಂದಿಯಲ್ಲಿ ಸೇರಿದ ಕರಿ ವಾರಗಟ್ಟಲೆ ಹೋಗಲಿಲ್ಲ. ಪ್ರಾಕ್ಟಿಕಲ್ಲಿನಲ್ಲಿ ಪ್ರೊಫೆಸರರು, ಇದು ಯಾವ ರಾಸಾಯನಿಕದ ಕಲೆ ಎಂದು ಕೇಳಿದ್ದರು.

ಆಕಾರ ಬಂದ ಮೇಲೆ ಕಲ್ಲಪ್ಪ ಅಲಗನ್ನು ಮತ್ತೆ ಕೆಂಪಗೆ ಕಾಸಿ, ಎಣ್ಣೆಯಲ್ಲಿ ಚೊಂಯ್ ಎನಿಸಿದ. ತಣ್ಣಗಾದ ಅಲಗಿನ ಮೇಲೆ ಅರವಾಡಿಸಿದರೆ ಗಾಜಿನ ಮೇಲೆ ಆಡಿಸಿದಂತೆ ಜಾರಿತು. ಒಂದು ಗೀರೂ ಬೀಳಲಿಲ್ಲ. ನನಗೆ ಹೆಮ್ಮೆಯಿಂದ ತಲೆ ತಿರುಗಿತು.

"ಗಾಜ ಆಗೈತಿದು, ತಂಗಿ" ಅಂದ ಕಲ್ಲಪ್ಪ. "ನಾಳಿ ಬಾ. ಹದಾ ಮಾಡೂಣು."

ಹದ ಮಾಡುವುದೆಂದರೆ ಮತ್ತೆ ಹಗುರವಾಗಿ ಕಾಸಿ ಗಡಸನ್ನು ತುಸು ಇಳಿಸುವುದು. ಇಷ್ಟು ಕಷ್ಟಪಟ್ಟು ಗಡಸು ಮಾಡಿದ್ದನ್ನು ಮೆದು ಮಾಡುವುದೇ? ಲೈಬ್ರರಿಯ ಪುಸ್ತಕದಲ್ಲೂ ಆ ಅಧ್ಯಾಯವಿತ್ತು, ಅಲ್ಲಿಯವರೆಗೆ ನಾನು ಓದಿರಲಿಲ್ಲ. ಮರುದಿನ ಹೋಗಲಿಲ್ಲ. ಭಾನುವಾರ ನೇರವಾಗಿ ಬೋರಿವಲಿಗೆ ಹೋದೆ.

ಮುಂದೇನಾಯಿತೆಂದು ನೀವಾಗಲೇ ಊಹಿಸಿರುತ್ತೀರಿ. ತೊಯ್ದ ಕೊರಡಿನ ಮೇಲೆ ಚಾಕುವಿಟ್ಟು, ಅದರ ಬೆನ್ನಿಗೆ ಇನ್ನೊಂದು ಬಡಿಗೆಯಿಂದ ಹೊಡೆಯುತ್ತಿದ್ದೆ. ಮೂರನೆಯ ಏಟಿಗೆ ಟಣ್ ಎಂದಿತು. ಅರ್ಧ ಚಾಕು ಕೊರಡಿನಲ್ಲಿ, ಅರ್ಧ ನನ್ನ ಕೈಯಲ್ಲಿ.

"ಅರೇ, ಕಟ್ಟಿಗೆಗೆ ಹಲ್ಲು ಬಂತು!" ಎಂದನೊಬ್ಬ.

ಸಂಘದ ಕಾರ್ಯದರ್ಶಿ ಸಾಠೆ ಎಂಬ ಕೊನೆಯ ವರ್ಷದ ಹುಡುಗ. ಕೆಟ್ಟವನಲ್ಲ. ಮರಾಠಿಯಲ್ಲಿ ತುಂಬ ಮರ್ಯಾದೆಯಿಂದ ಹೇಳಿದ: "ಮುಂದಿನ ಸಲ ನೀವು ಊಟದ ಡಬ್ಬಿ ತನ್ನಿ, ಬಾಯಿಸಾಹೇಬ್. ಅದು ಮುರಿಯುವುದಿಲ್ಲ."

"ಮುಂದಿನ ಸಲ ಅಂದಿರಲ್ಲ, ಅಷ್ಟು ಸಾಕು. ಯಾವ ಭಾನುವಾರ?" ಎಂದೆ ನಾನು.

ಅಂದೆನೇ? ಅಷ್ಟು ಚುರುಕಾಗಿ? ದಿನಚರಿಯಲ್ಲಿ ಆ ಮಾತಿಲ್ಲ. "ಅತ್ತುಬಿಟ್ಟೆ. ಲೋಕಲ್ ರೈಲಿನ ಬಾಗಿಲ ಬಳಿ, ಹೊರಗೆ ಮುಖ ಮಾಡಿ" ಎಂದಿದೆ. ಅದರ ಕೆಳಗೆ, "ಶ್ರಾವಣದಲ್ಲಿ ಇನ್ನೊಂದು ಅವಕಾಶ, ಪಂಚಮಿಯ ಮರುದಿನ." ಎಂದಮೇಲೆ ಎಲ್ಲೋ ಒಂದು ಕಡೆ ನಾನು ಕೇಳಿರಲೇಬೇಕು. ಕೇಳದೆ ಯಾರೂ ಕೊಡುವಂಥದಲ್ಲ ಅದು.

ಮನೆಯಲ್ಲಿ ಅಪ್ಪ ಎರಡು ತುಂಡುಗಳನ್ನೂ ನೋಡಿ ಸಮಾಧಾನದಿಂದ, "ಮುರೀತಲ್ಲ, ಮುಗೀತು" ಅಂದರು. ಇನ್ನೊಂದು ಅವಕಾಶವಿದೆ ಎಂದಾಗ ಪೇಪರು ಮಡಿಸಿಟ್ಟರು. "ಆತು. ಆದ್ರ ಇನ್ನೊಮ್ಮೆ ಮುರಿದ್ರ, ಕ್ಯಾಂಪಿನ ಮಾತು ಈ ಮನ್ಯಾಗ ಬರಬಾರದು. ಈ ವರ್ಷ ಅಷ್ಟಽ ಅಲ್ಲ, ಎಂದೂ."

ಅವ್ವ ಒದ್ದೆ ಕೈ ಒರೆಸಿಕೊಂಡು ಬಂದಳು. ತುಂಡುಗಳನ್ನು ಬೆಳಕಿಗೆ ಹಿಡಿದು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. "ಹಪ್ಪಳ ಆಗಿತ್ತು ಇದು" ಅಂದಳು, ಅಷ್ಟೆ. ನನಗೆ ಸಿಟ್ಟು ಬಂತು. ಹಪ್ಪಳವಂತೆ!

ಎರಡನೆಯ ಅರವನ್ನು ಹಟ ಹಿಡಿದು ಉಜ್ಜಿದೆ. ಈ ಸಲ ಪುಸ್ತಕದ ಮುಂದಿನ ಅಧ್ಯಾಯವನ್ನೂ ಓದಿದೆ. ಬುಧವಾರ ಕಲ್ಲಪ್ಪ ಅಲಗನ್ನು ಎಣ್ಣೆಗದ್ದಿದವನೇ ಕುಲುಮೆಯ ಬೆಂಕಿ ಆರಿಸಿಬಿಟ್ಟ. ಸಂಜೆಯ ಗಾಡಿಗೆ ಊರಿಗೆ ಹೊರಟಿದ್ದ. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. "ನಮ್ಮ ತಂಗಿ ಹಾದಿ ಕಾಯ್ತಿರ್ತಾಳವಾ. ನಾ ಬರೂತನಕಾ ಇದನ್ನ ಯಾತಕ್ಕೂ ಬಡೀಬ್ಯಾಡ" ಅಂದ. ಅವನು ಬರುವುದು ಹಬ್ಬ ಕಳೆದ ಮೇಲೆ, ಪರೀಕ್ಷೆಯೂ ಕಳೆದ ಮೇಲೆ. ಗುರುವಾರ, ಶುಕ್ರವಾರ ಬೇರೆ ಮೂರು ವರ್ಕ್‌ಶಾಪುಗಳಿಗೆ ಹೋದೆ. ಮೂರೂ ಕಡೆ ಒಂದೇ ಮಾತು: "ನಿನ್ನ ಭಾಯಿಯನ್ನು ಕಳಿಸು." ನನಗೆ ಭಾಯಿ ಇರಲಿಲ್ಲ.

ಶನಿವಾರ ನಾಗರ ಪಂಚಮಿ. ಅಪ್ಪನಿಗೆ ಅರ್ಧ ದಿನದ ಕಚೇರಿ, ಎರಡು ಗಂಟೆಗೆ ಮನೆಗೆ. ಅವರು ಚಾಳಿನ ಮೆಟ್ಟಿಲಿಳಿದದ್ದೇ ತಡ, ನಾನು ಉಜ್ಜಿ ಬೆಳ್ಳಗೆ ಮಾಡಿದ ಅಲಗನ್ನು ತಂದು ಅಡುಗೆಯ ಮೂಲೆಯಲ್ಲಿ ಕೂತೆ. ಹಿಂದಿನ ದಿನವಷ್ಟೇ ಅವ್ವ ಹಬ್ಬದ ಅಳ್ಳು ಹುರಿದಿದ್ದಳು. ಅಳ್ಳು ಎಂದರೆ ಜೋಳದ ಅರಳು. ಹಂಚಿನಲ್ಲಿ ಉಸುಕು ಕಾಸಿ, ಅದರಲ್ಲಿ ಜೋಳ ಹಾಕಿ ಸಿಡಿಸುತ್ತಾರೆ. ಆಳದ ಹಂಚು, ಉಸುಕು ಇನ್ನೂ ಶೆಗಡಿಯ, ಅಂದರೆ ಇದ್ದಿಲೊಲೆಯ, ಪಕ್ಕದಲ್ಲೇ ಇದ್ದವು. ನಾನು ಅದನ್ನು ನೋಡಿಯೂ ನೋಡಲಿಲ್ಲ.

"ಏನ ವಿಚಾರ ಮಾಡ್ಲಿಕ್ಹತ್ತೀ?" ಅಂದಳು ಅವ್ವ.

"ಇದನ್ನ ಕಾಸಬೇಕು. ಕಾವು ಹೆಚ್ಚಾದ್ರ ಮೆತ್ತಗಾಗಿ ಬಗ್ಗತದ. ಕಡಿಮಿ ಆದ್ರ ಮತ್ತ ಮುರೀತದ. ನನ್ನ ಹತ್ರ ಉಷ್ಣಮಾಪಕ ಇಲ್ಲ."

"ಎಷ್ಟು ಕಾವು?"

"ನೀರು ಕುದಿಯೋ ಕಾವಿನ ಎರಡರಷ್ಟು. ಅದಕ್ಕೂ ಒಂಚೂರು ಮ್ಯಾಲ."

ಅವ್ವ ಸ್ವಲ್ಪ ಯೋಚಿಸಿದಳು. "ಅಂದ್ರ ಅಳ್ಳು ಸಿಡಿಯೋ ಕಾವು."

ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಎರಡು ವರ್ಷ ರಸಾಯನಶಾಸ್ತ್ರ ಓದಿದವಳಿಗೆ ಜೋಳ ಎಷ್ಟು ಕಾವಿಗೆ ಸಿಡಿಯುತ್ತದೆಂದು ಯಾರೂ ಕಲಿಸಿರಲಿಲ್ಲ. ಮಾತು ತಪ್ಪಿಸಲು, "ಆದ್ರ ಇವತ್ತ ಪಂಚಮಿ" ಅಂದೆ. ಪಂಚಮಿಯ ದಿನ ನಮ್ಮಲ್ಲಿ ಏನನ್ನೂ ಹೆಚ್ಚುವುದಿಲ್ಲ, ಕೊಯ್ಯುವುದಿಲ್ಲ, ಒಲೆಯ ಮೇಲೆ ಹಂಚಿಡುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆಂದು. ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ದಿನ ಹಂಚಿಡುವುದು, ಅದೂ ಕೊಯ್ಯುವ ಅಲಗಿಗಾಗಿ!

ಅವ್ವ ಶೆಗಡಿಯ ಇದ್ದಿಲನ್ನು ಕೆದಕಿದಳು. ಆಮೇಲೆ ಹಂಚನ್ನೆತ್ತಿ ಒಲೆಯ ಮೇಲಿಟ್ಟಳು.

"ಹಂಚ ಇಡಬಾರದು ಅಂದದ್ದು ರೊಟ್ಟಿಗೆ. ಚಾಕೂಕ ಅಂತ ಯಾರೂ ಹೇಳಿಲ್ಲ."

"ಅವ್ವಾ..."

"ನನ್ನ ಕರ್ಯಾಕ ತವರಿಂದ ಯಾರೂ ಬರಲಾರದಽ ಒಂಬತ್ತು ವರ್ಷ ಆತು. ಪಂಚಮಿ ನನ್ನ ಮರತದ. ನಾ ಯಾಕ ಅದರ ಮಾತ ಕೇಳ್ಲಿ? ಜೋಳದ ಡಬ್ಬಿ ತಾ."

ಉಸುಕು ಕಾದಿತು. ಅವ್ವ ನಾಲ್ಕು ಕಾಳು ಹಾಕಿದಳು. ಅವು ಸಿಡಿಯದೆ ಸುಮ್ಮನೆ ಕೆಂಪಾದವು. ಮತ್ತೆ ನಾಲ್ಕು. ಇದ್ದಿಲು ಸರಿಸಿ, ಗಾಳಿ ಬೀಸಿ, ಮತ್ತೆ ನಾಲ್ಕು. ಚಟ್ ಎಂದು ಬಿಳಿಯ ಹೂವಾಗಿ ಒಂದು ಮೇಲೆ ಹಾರಿತು. ಆಗ ಅಲಗಿನ ದಪ್ಪ ಬೆನ್ನನ್ನು ಉಸುಕಿನೊಳಗೆ ಹುದುಗಿಸಿ, ತೆಳು ಬಾಯಿಯನ್ನು ಮೇಲೆ ಮಾಡಿ ನಿಲ್ಲಿಸಿದಳು. "ತೆಳ್ಳಂದು ಲಗೂನ ಕಾಯ್ತದ. ರೊಟ್ಟಿ ಅಂಚು ಹ್ಯಾಂಗೋ ಹಾಂಗ." ಪುಸ್ತಕದಲ್ಲಿ ಅರ್ಧ ಪುಟವಿದ್ದ ಮಾತು ಅದು.

ಅಷ್ಟರಲ್ಲಿ ಪಕ್ಕದ ಮನೆಯ ಗೋದೂಬಾಯಿ ಬಾಗಿಲಲ್ಲಿ ಇಣುಕಿದರು. "ಕಾಯ್ ವಹಿನೀ, ಆಜ್ ತವಾ?" ಪಂಚಮಿಯ ದಿನ ಹಂಚೇ ಎಂದು.

ಅವ್ವ ಸೆರಗಿನಿಂದ ಹಂಚನ್ನು ಮರೆಮಾಡಿ, ತನ್ನ ಹರುಕುಮುರುಕು ಮರಾಠಿಯಲ್ಲಿ, ಯಜಮಾನರ ಮೊಣಕಾಲಿಗೆ ಶಾಖ ಕೊಡಲು ಉಸುಕು ಕಾಸುತ್ತಿದ್ದೇನೆ ಎಂದಳು. ಅಪ್ಪನ ಮೊಣಕಾಲು ಆಗ ನೆಟ್ಟಗಿತ್ತು. ಮುಂದೆ ಹಲವು ದಿನ ಗೋದೂಬಾಯಿ ಅವರನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಈಗ ಹೇಗಿದೆ ಎಂದು ಕೇಳುತ್ತಿದ್ದರು. ಅಪ್ಪ ತಬ್ಬಿಬ್ಬಾಗಿ, ಪರವಾಗಿಲ್ಲ ಅನ್ನುತ್ತಿದ್ದರು.

ಬೆಳ್ಳಗಿದ್ದ ಅಲಗಿನ ಮೇಲೆ ಬಣ್ಣ ಹರಿಯತೊಡಗಿತು. ಮೊದಲು ತೆಳು ಹಳದಿ, ಆಮೇಲೆ ತುಸು ಗಾಢ. "ಕಣಿಕಿ ಬಣ್ಣ ಬಂತು" ಅಂದಳು ಅವ್ವ. ಕಣಿಕೆ ಎಂದರೆ ಜೋಳದ ಒಣ ದಂಟು. ಪುಸ್ತಕವೂ ಒಣಹುಲ್ಲಿನ ಬಣ್ಣಕ್ಕೆ ನಿಲ್ಲಿಸಬೇಕೆಂದಿತ್ತು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. "ಸಾಕು, ತಗಿ" ಎಂದು ಅವಳೇ ಇಕ್ಕಳದಿಂದ ಎತ್ತಿದಳು.

ತಣ್ಣಗಾದ ಮೇಲೆ ಪರೀಕ್ಷಿಸಿದವಳೂ ಅವ್ವನೇ. ಅಲಗಿನ ತುದಿಯನ್ನು ಬೀಸುವ ಕಲ್ಲಿನಡಿ ಸಿಕ್ಕಿಸಿ ಮೀಟಿದಳು. ನಾನು ಕಣ್ಣು ಮುಚ್ಚಿಕೊಂಡೆ. ಟಣ್ ಎನ್ನಲಿಲ್ಲ. ಕಣ್ಣು ಬಿಟ್ಟಾಗ ಅಲಗು ಬಿಲ್ಲಿನಂತೆ ತುಸು ಬಾಗಿತ್ತು. ಬಿಟ್ಟೊಡನೆ ನೆಟ್ಟಗಾಯಿತು. ತವರಿನಿಂದ ತಂದಿದ್ದ ಆ ಬೀಸುವ ಕಲ್ಲು ಚಾಳಿನಲ್ಲಿ ನಿರುಪಯೋಗಿ. ಬೀಸಿದರೆ ಕೆಳಗಿನ ಮನೆಯವರು ಕೋಲಿನಿಂದ ಮೇಲೆ ಕುಟ್ಟುತ್ತಿದ್ದರು. ಅವ್ವ ಅದರ ಗೂಟ ಕಿತ್ತು ನನ್ನ ಕೈಗಿಟ್ಟಳು. "ಹಿಡಿಕಿ ಮಾಡ್ಕೋ. ಸುಮ್ನ ಕುಂತದ." ಎರಡು ತಲೆಮಾರಿನ ಅಂಗೈ ಸವೆಸಿದ ಮರ. ಸೀಳಿ ಎರಡು ಹೋಳು ಮಾಡಿ, ಮೊಳೆ ಹೊಡೆದೆ.

ಮರುದಿನ ಬೋರಿವಲಿಯ ಕಾಡಿನಲ್ಲಿ ಧೋ ಎಂದು ಮಳೆ. ಕೊರಡಿಗೆ ಚಾಕುವಿಟ್ಟು ಹೊಡೆದೆ. ಮೂರನೆಯ ಏಟಿಗೆ ಎಲ್ಲರೂ ಉಸಿರು ಹಿಡಿದರು, ನಾನೂ. ನಾಲ್ಕನೆಯದು, ಐದನೆಯದು. ಕೊರಡು ಬಾಯಿಬಿಟ್ಟಿತು, ಒಳಗೆ ಒಣ ಹಳದಿ ತಿರುಳು. ಗಂಟೆ ತುಂಬುವ ಮೊದಲೇ ಸಾಠೆಯ ಕೈಯಲ್ಲಿ ಚಹಾ. "ಸಕ್ಕರೆ ಕಡಿಮೆಯಾಯಿತು" ಅಂದ. ಅದಕ್ಕಿಂತ ಒಳ್ಳೆಯ ಹೊಗಳಿಕೆ ಅವನಿಗೆ ಬರುತ್ತಿರಲಿಲ್ಲ. ಆಮೇಲೆ ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ: "ಯಾರು ಮಾಡಿಕೊಟ್ಟರು?"

"ಯಾರೂ ಇಲ್ಲ. ನಾನೇ ಮಾಡಿದ್ದು. ಒಬ್ಬಳೇ."

ಈ ಮಾತು ದಿನಚರಿಯಲ್ಲಿದೆ. ಹಿಂದಿನ ದಿನದ ಪುಟದಲ್ಲಿ, "ಇಂದು ಒಬ್ಬಳೇ ಅಲಗಿಗೆ ಹದ ಕೊಟ್ಟೆ. ಬಣ್ಣ ಸರಿಯಾಗಿ ಬಂತು" ಎಂದೂ ಇದೆ. ಕಲ್ಲಪ್ಪನ ಹೆಸರು ಒಂದು ಸಲ ಬರುತ್ತದೆ. ಅವ್ವ ಇಲ್ಲ, ಹಂಚಿಲ್ಲ, ಜೋಳವಿಲ್ಲ. ಅಂದೇ, ಕೈಯ ಬಿಸಿ ಆರುವ ಮೊದಲೇ, ನಾನು ಅವಳನ್ನು ಬಿಟ್ಟು ಬರೆದಿದ್ದೆ. ಅಳ್ಳಿನ ಹಂಚಿನಲ್ಲಿ ಅವ್ವ ಕಾಸಿಕೊಟ್ಟಳು ಎಂದರೆ ಆ ಹುಡುಗರು ನಗುತ್ತಿದ್ದರು, ನಿಜ. ಆದರೆ ದಿನಚರಿಯನ್ನು ಓದುವ ಹುಡುಗರು ಯಾರಿದ್ದರು?

ಅಂದು ಸಂಜೆ ಅವ್ವ ಕೇಳಿದಳು: "ಏನ ಕೇಳಿದ್ರು?"

"ಯಾರು ಮಾಡಿದ್ದು ಅಂತ."

"ಏನಂದಿ?"

"ನಾನಽ ಅಂದೆ."

"ಛಲೋ ಆತು" ಎಂದು ಅವಳು ರೊಟ್ಟಿ ಬಡಿಯಲು ತಿರುಗಿದಳು.

ಇದು ದಿನಚರಿಯಲ್ಲಿಲ್ಲ, ನೆನಪಿನಲ್ಲಷ್ಟೇ ಇದೆ. ಅದಕ್ಕೇ ನನಗೆ ಗುಮಾನಿ. ನನ್ನನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡುವ ನೆನಪನ್ನು ನಾನೇ ಕಟ್ಟಿಕೊಂಡಿರಬಹುದಲ್ಲವೇ?

ಕ್ಯಾಂಪಿಗೆ ಹೋದೆ. ಅಪ್ಪ ಮಾತಿಗೆ ತಪ್ಪಲಿಲ್ಲ, ಹೋಲ್ಡಾಲನ್ನು ತಾವೇ ಕಟ್ಟಿಕೊಟ್ಟರು. ಆ ನಾಲ್ಕು ದಿನಗಳಲ್ಲಿ ಈಗ ನೆನಪಿರುವುದು ಇಂಬಳ ಮತ್ತು ಅರೆಬೆಂದ ಅನ್ನ. ಗಡಸಿಗಿಂತ ಹದ ಮೇಲು, ಬಾಗುವುದೇ ಉಳಿಯುತ್ತದೆ ಎಂದು ಇಲ್ಲೊಂದು ನೀತಿಪಾಠ ಹೇಳಲು ಜಾಗವಿದೆ. ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಬಾಗಲು ಹೇಳಿಕೊಡುವವರು ಮೊದಲೇ ಸಾಕಷ್ಟಿದ್ದಾರೆ. ಆ ಅಲಗು ಬಾಗಿದ್ದು ಒಂದೇ ಸಲ, ಅವ್ವನ ಕೈಯಲ್ಲಿ. ಆಮೇಲೆ ಅದರ ಕೆಲಸ ಸೀಳುವುದಾಗಿತ್ತು.

ಶೇಂಗಾದವನ ಗಾಡಿಯ ಮುಂದೆ ಇಷ್ಟೂ ನೆನಪಾಯಿತು. ಜೊತೆಗೇ ಅನುಮಾನವೂ. ಜೋಳವನ್ನು ಉಷ್ಣಮಾಪಕ ಮಾಡಿಕೊಂಡದ್ದು ನಿಜವೇ? ಅಥವಾ ಈ ವಯಸ್ಸಿನಲ್ಲಿ ಅವ್ವನಿಗೊಂದು ಚಂದದ ಪಾತ್ರ ಕೊಡಲು ನಾನೇ ಹೊಸೆದ ಕತೆಯೇ? ಚಾಕುವನ್ನು ಪರೀಕ್ಷಿಸಿದವಳು ಇದನ್ನೇಕೆ ಪರೀಕ್ಷಿಸಬಾರದು? ಮನೆಗೆ ಹೋಗಿ ಒಂದು ಹಿಡಿ ಜೋಳ ಕಟ್ಟಿಕೊಂಡು ಮರಳಿ ಬಂದೆ.

"ಭೈಯಾ, ಇದನ್ನು ಸ್ವಲ್ಪ ಹಾಕು."

"ಮಾಜೀ, ಶೇಂಗಾ ಖಾವೋ. ಯೇ ಕ್ಯಾ ಲಾಯೀ?"

"ಹಾಕು."

ಅವನು ನಕ್ಕು ನಾಲ್ಕು ಕಾಳು ಉಸುಕಿಗೆ ಹಾಕಿದ. ಅವು ಸಿಡಿಯದೆ ಕೆಂಪಾದವು. ನಾನು ಕದಲಲಿಲ್ಲ. ಅವನು ಬೆಂಕಿ ಏರಿಸಿದ. ಮತ್ತೆ ನಾಲ್ಕು. ಚಟ್! ಬಿಳಿಯ ಹೂವೊಂದು ಹಾರಿ ಅವನ ತಕ್ಕಡಿಯ ಮೇಲೆ ಬಿತ್ತು.

ನನ್ನ ಹಳೆಯ ಮೇಜಿನ ಡ್ರಾಯರಿನಲ್ಲಿ ವಿದ್ಯಾರ್ಥಿ ದಿನಗಳ ಒಂದು ಉಷ್ಣಮಾಪಕವಿದೆ, ಮುನ್ನೂರು ಡಿಗ್ರಿಯವರೆಗೆ ತೋರಿಸುವಂಥದು. ಕ್ಯಾಂಪಿನಿಂದ ಬಂದ ಮೇಲೆ ಕಾಲೇಜಿನಿಂದ ಕೇಳಿ ಪಡೆದದ್ದು. ಅದನ್ನೂ ಒಯ್ಯಬಹುದಿತ್ತು. ಅಗತ್ಯವೆನಿಸಲಿಲ್ಲ.

ಅಂದು ಮಧ್ಯಾಹ್ನ ದಿನಚರಿ ತೆರೆದು, "ಒಬ್ಬಳೇ" ಎಂದಿದ್ದ ಎರಡೂ ಕಡೆ ಗೆರೆ ಎಳೆದೆ. ಕೈ ನಡುಗಿತು, ಆದರೂ ಗೆರೆ ಬಿತ್ತು. ಹದ ಕೊಟ್ಟೆ ಎಂದಿದ್ದ ಕಡೆ "ಅವ್ವ ಕೊಟ್ಟಳು, ಪಂಚಮಿಯ ದಿನ, ಹಂಚಿಟ್ಟು" ಎಂದು ಬರೆದೆ. ಆಮೇಲೆ ಭಂಗಾರದ ಚೀಲಕ್ಕೆ ಕೈಹಾಕಿ ಚಾಕು ತೆಗೆದು, ತೊಳೆದು, ಒರೆಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ.

ಸಂಜೆ ಮಗ ಬಂದವನು ನೋಡಿದ. "ಅಮ್ಮಾ! ಇದು ಮತ್ತೆ ಇಲ್ಲಿ? ಭಂಗಾರ್‌ನಲ್ಲಿ ಹಾಕಿದ್ದೆ ನಾ."

"ತೆಗೆದೆ."

"ಯಾಕೆ? ನೀನು ಮಾಡಿದ್ದು ಅಂತ? ಠೀಕ್ ಹೈ, ಫೋಟೋ ತೆಗೆದು ಇಡೋಣ. ಚಾಕು ಬೇಡ."

"ನಾನೊಬ್ಬಳೇ ಮಾಡಿದ್ದಾಗಿದ್ದರೆ ಕೊಡುತ್ತಿದ್ದೆ, ಏನೋ" ಎಂದೆ. "ಅಲ್ಲ. ಕೂತುಕೋ, ಹೇಳುತ್ತೇನೆ."